ಕಾರಿನ ಹಿಂಭಾಗದ ಆ ಬೆರಳುದ್ದದ ರಬ್ಬರ್

ಕಾರಿನ ಬಗ್ಗೆ ಇಲ್ಲಿ ಬರೀತೀನಿ ಅಂತ ನಾನು ಅಂದುಕೊಂಡಿರಲಿಲ್ಲ. ಓದಿ ಬೋರ್ ಆದ್ರೆ ಮೊದಲೇ ಕ್ಷಮೆ ಕೇಳಿಬಿಡ್ತೀನಿ. ಆದರೆ ಒಂದು ತಿಂಗಳಿಂದ ತಲೆಯೊಳಗೆ ಬೇರೇನೂ ಓಡ್ತಾ ಇಲ್ಲ, ಹಾಗಾಗಿ ಬರೆದು ಹಗುರಾಗೋದೇ ವಾಸಿ.

ಆಗಿದ್ದು ಇಷ್ಟು. ಒಂದು ಶನಿವಾರ ಬೆಳಿಗ್ಗೆ ನಾನು, ನನ್ನ ಹೆಂಡತಿ ನಮ್ಮ ಪುಟ್ಟ ಕಾರಲ್ಲಿ ತಿಂಡಿಗೆ ಹೊರಟಿದ್ವಿ. 1994ರ ಮಾಜ್ದಾ ಮಿಯಾಟಾ, ಅಂದರೆ ಎಂಎಕ್ಸ್-5. ಎರಡೇ ಸೀಟು, ಮೇಲೆ ಬಟ್ಟೆಯ ಟಾಪು. ಹಳೇ ಕಾರು ಅಂತ ಸೋವಿಗೆ ಸಿಕ್ಕಿತ್ತು. ಹೈವೇಯಿಂದ ಇಳಿಯುವ ದುಂಡನೆಯ ರ‍್ಯಾಂಪು, ಬಲಕ್ಕೆ ತಿರುಗುತ್ತಾ ತಿರುಗುತ್ತಾ ಇಳಿಯುತ್ತೆ. ನೆಲ ಒಣಗಿತ್ತು, ವೇಗವೂ ಅಂಥಾದ್ದೇನಲ್ಲ. ತಿರುವಿನ ನಡುಮಧ್ಯೆ ಸೇತುವೆಯ ಕಾಂಕ್ರೀಟು ಕೂಡುವ ಕಡೆ ಒಂದು ಏಣು ಇದೆ. ಅದರ ಮೇಲೆ ಹಿಂದಿನ ಚಕ್ರ ಹತ್ತಿದ್ದೇ ತಡ, 'ದಡ್' ಅಂತ ಒಂದು ಸದ್ದು. ಮರುಕ್ಷಣ ಕಾರಿನ ಹಿಂಭಾಗ ಮುಂಭಾಗವನ್ನು ಹಿಂದೆ ಹಾಕೋಕೆ ಹೊರಟಿತ್ತು! ಅರ್ಧ ಗಿರಕಿ ಹೊಡೆದು ಬಂದ ದಾರಿಗೇ ಮುಖ ಮಾಡಿ ಹುಲ್ಲಿನ ಮೇಲೆ ನಿಂತ್ವಿ. ಹಿಂದೆ ಯಾವ ಗಾಡಿಯೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಹೆಂಡತಿ ಒಂದೆರಡು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ರೀ, ಇದನ್ನ ಸರಿ ಮಾಡಿಸ್ತೀರೋ, ಮಾರ್ತೀರೋ ನೀವೇ ನೋಡಿ. ಅಲ್ಲೀವರೆಗೂ ನಾನಂತೂ ಇದರಲ್ಲಿ ಕೂರಲ್ಲ" ಅಂದಳು.

ನಾನು ಜೋರಾಗಿ ಓಡಿಸಿದೆ ಅಂತ ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ 'ದಡ್' ಕಿವಿಯಿಂದ ಹೋಗಲಿಲ್ಲ. ಮಾರನೇ ದಿನ ಜಾಕ್ ಕೊಟ್ಟು ಹಿಂದಿನ ಚಕ್ರ ಬಿಚ್ಚಿ, ಶಾಕ್ ಅಬ್ಸಾರ್ಬರ್ ಹೊರಗೆ ತೆಗೆದೆ. ಶಾಕ್‌ನ ಹೊಳೆಯುವ ಕಡ್ಡಿಗೆ ಬಳೆಯ ಹಾಗೆ ಪೋಣಿಸಿದ ಒಂದು ಮೆತ್ತನೆಯ ರಬ್ಬರ್ ಇರುತ್ತೆ. ಸ್ಪ್ರಿಂಗ್ ಪೂರ್ತಿ ಅದುಮಿಹೋದಾಗ ಲೋಹಕ್ಕೆ ಲೋಹ ಬಡಿಯದ ಹಾಗೆ ನಡುವೆ ಸಿಕ್ಕಿಕೊಳ್ಳೋದು ಅದರ ಕೆಲಸ. ಅದೇ ಬಂಪ್ ಸ್ಟಾಪ್. ನನ್ನ ಕಾರಿನಲ್ಲಿ ಅದರ ಅರ್ಧ ಇರಲೇ ಇಲ್ಲ. ಹಿಂದೆ ಯಾರೋ ಚಾಕುವಿನಲ್ಲಿ ಕತ್ತರಿಸಿದ್ದರು, ಸೌತೆಕಾಯಿ ತೊಟ್ಟು ಕತ್ತರಿಸಿದ ಹಾಗೆ.

ಯಾಕೆ ಕತ್ತರಿಸಿದರು ಅನ್ನೋದು ಗೊತ್ತಾಗೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಕಾಣಲಿ ಅಂತ ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದರು. ಆಗ ಬಂಪ್ ಸ್ಟಾಪ್ ಸದಾ ಅಡ್ಡ ಬರುತ್ತೆ. ಅಡ್ಡ ಬಂದಿದ್ದನ್ನ ಕತ್ತರಿಸಿ ಬಿಸಾಕಿದ್ದರು. ಆದರೆ ಅಡ್ಡ ಬರೋದೇ ಯಾರದೋ ಉದ್ದೇಶವಾಗಿದ್ದರೆ? ಅಲ್ಲಿಂದ ಶುರುವಾಯ್ತು ನನ್ನ ಓದು.

ನಮಗೆಲ್ಲ ಬಂಪ್ ಸ್ಟಾಪ್‌ನ ಪರಿಚಯ ಇದ್ದೇ ಇದೆ, ಹೆಸರು ಗೊತ್ತಿರಲ್ಲ ಅಷ್ಟೆ. ಮದುವೆ ದಿಬ್ಬಣಕ್ಕೆ ಅಂಬಾಸಿಡರ್ ಕಾರಿನಲ್ಲಿ ಹಿಂದಿನ ಸೀಟಿಗೆ ಐದು ಜನ, ಡಿಕ್ಕಿಯಲ್ಲಿ ಪಾತ್ರೆ ಪಗಡ ತುಂಬಿಕೊಂಡು ಹೋಗಿದ್ದು ನೆನಪಿದೆಯಾ? ಪ್ರತಿ ಹಂಪಿಗೂ ಹಿಂದಿನಿಂದ ಒಂದು ಗುದ್ದು ಬೆನ್ನುಮೂಳೆಗೆ ಏರುತ್ತಿತ್ತಲ್ಲ, ಅದೇ. 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ ಬಂದ ಕಾರು ಅದು. ಹಿಂದಿನ ಆಕ್ಸಲ್ಲನ್ನು ಹೊತ್ತದ್ದು ಲೀಫ್ ಸ್ಪ್ರಿಂಗ್, ನಮ್ಮ ಗ್ಯಾರೇಜಿನವರ ಮಾತಿನಲ್ಲಿ ಕಮಾನು. ಅದರ ಮೇಲೆ ಬಾಡಿಯ ಕೆಳಗೆ ಒಂದು ರಬ್ಬರ್ ಉಂಡೆ. ಅದು ಕೊನೆಯ ಗೋಡೆ, ಅಲ್ಲಿಗೆ ಆಟ ಮುಗೀತು ಅಂತ ಅರ್ಥ. ಮೋಟಾರು ಕಾರಿನ ಇತಿಹಾಸದಲ್ಲಿ ಬಹಳ ಕಾಲ ಬಂಪ್ ಸ್ಟಾಪ್ ಅಂದರೆ ಇಷ್ಟೇ ಆಗಿತ್ತು.

ಅದರಲ್ಲೂ ಸ್ಪೋರ್ಟ್ಸ್ ಕಾರಿಗೆ ಅದರ ಚಿಂತೆಯೇ ಇರಲಿಲ್ಲ. 1920ರ ದಶಕದ ಬೆಂಟ್ಲಿ, ಬುಗಾಟಿಗಳ ಸ್ಪ್ರಿಂಗುಗಳು ಕಲ್ಲಿನ ಹಾಗೆ ಗಟ್ಟಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ನೆಟ್ಟಗಿರುತ್ತೆ ಅಂತ ನಂಬಿಕೆ. ನಿಜವಾಗಿ ಆಗುತ್ತಿದ್ದದ್ದು, ಸ್ಪ್ರಿಂಗ್ ಬಾಗದೆ ಚಾಸಿಯೇ ಬಾಗುತ್ತಿತ್ತು. ಚಕ್ರ ಮೇಲೆ ಕೆಳಗೆ ಹೋಗೋದೇ ನಾಲ್ಕು ಬೆರಳಾದರೆ ಕೊನೆಯ ಗೋಡೆಯಲ್ಲಿ ಏನಿದ್ದರೇನು?

ಈ ನಂಬಿಕೆಯನ್ನು ಮುರಿದವರಲ್ಲಿ ಇಬ್ಬರು ನನಗೆ ತುಂಬಾ ಹಿಡಿಸಿದರು.

ಒಬ್ಬ ಮಾರಿಸ್ ಓಲೀ. ರೋಲ್ಸ್ ರಾಯ್ಸ್‌ನಲ್ಲಿದ್ದವನು, 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. 1932ರಲ್ಲಿ ಒಂದು ದೊಡ್ಡ ಕಾರಿನ ಹಿಂದೆ ಮುಂದೆ ತೂಕದ ಬಿಲ್ಲೆಗಳನ್ನು ಸರಿಸಿ ಇಡುವ ಏರ್ಪಾಡು ಮಾಡಿ, ಜನರನ್ನ ಕೂರಿಸಿಕೊಂಡು ಓಡಾಡಿದ. ಸ್ಪ್ರಿಂಗ್ ಎಷ್ಟು ಮೆದು ಇದ್ದರೆ ಹೊಟ್ಟೆ ತೊಳಸಲ್ಲ, ಮುಂದಿನದು ಮೆದು ಇರಬೇಕೋ ಹಿಂದಿನದೋ ಅನ್ನೋದನ್ನ ಅಂದಾಜಿನ ಮೇಲೆ ಬಿಡದೆ ಅಳೆದು ನೋಡಿದ. ಮುಂದಿನದೇ ಹೆಚ್ಚು ಮೆದು ಇರಬೇಕು ಅನ್ನೋದು ಅವನಿಗೆ ಸಿಕ್ಕ ಉತ್ತರ. ಅದರ ಫಲವಾಗಿ 1934ರ ಕ್ಯಾಡಿಲಾಕ್‌ನ ಮುಂದಿನ ಎರಡೂ ಚಕ್ರಕ್ಕೆ ಬೇರೆ ಬೇರೆ ಮೆದು ಸ್ಪ್ರಿಂಗ್ ಬಂತು. ಇದೇ ಓಲೀ ಮುಂದೆ 1953ರ ಮೊದಲ ಕಾರ್ವೆಟ್‌ನ ಚಾಸಿಯನ್ನೂ ರೂಪಿಸಿದ. ಅವನ ಟಿಪ್ಪಣಿಗಳನ್ನು ಮಿಲಿಕೆನ್ ತಂದೆ ಮಗ ಸೇರಿ 2002ರಲ್ಲಿ ಪುಸ್ತಕ ಮಾಡಿದ್ದಾರೆ. ಲೆಕ್ಕ ಕಂಡರೆ ಹೆದರದವರು ಓದಬಹುದು, ನಾನು ಅಲ್ಲಲ್ಲಿ ಹಾರಿಸಿಕೊಂಡು ಓದಿದೆ.

ಇನ್ನೊಬ್ಬ ಮರ್ಸಿಡಿಸ್‌ನ ರುಡಾಲ್ಫ್ ಉಲೆನ್‌ಹೌಟ್. 1936ರಲ್ಲಿ ಮರ್ಸಿಡಿಸ್‌ನ ರೇಸ್ ಕಾರುಗಳು ಸೋಲುತ್ತಿದ್ದವು. ರೇಸ್ ಓಡಿಸುವ ಡ್ರೈವರ್ ಅಲ್ಲದ ಈ ಇಂಜಿನಿಯರು ತಾನೇ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಕಾರು ಹತ್ತಿ ಸುತ್ತು ಹೊಡೆದ. ಸ್ಪ್ರಿಂಗ್ ಕದಲುತ್ತಿಲ್ಲ, ಚಾಸಿ ಬಳುಕುತ್ತಿದೆ ಅಂತ ಗೊತ್ತಾಯ್ತು. 1937ರ ಡಬ್ಲ್ಯೂ-125 ಕಾರಿನಲ್ಲಿ ಎಲ್ಲಾ ತಿರುಗುಮುರುಗು: ಚಾಸಿ ಗಟ್ಟಿ, ಸ್ಪ್ರಿಂಗ್ ಮೆದು, ಚಕ್ರಕ್ಕೆ ಮೇಲೆ ಕೆಳಗೆ ಓಡಾಡೋಕೆ ಧಾರಾಳ ಜಾಗ. ಆ ವರ್ಷದ ಯುರೋಪಿಯನ್ ಚಾಂಪಿಯನ್‌ಶಿಪ್ ಅದಕ್ಕೇ ಬಂತು.

ಇಲ್ಲಿಂದಲೇ ಆ ರಬ್ಬರ್ ತುಂಡಿಗೆ ಬೆಲೆ ಬಂದಿದ್ದು ಅನ್ನೋದು ನನ್ನ ಅನಿಸಿಕೆ. ಯಾಕೆ ಅಂತ ಒಂದು ಸಣ್ಣ ಲೆಕ್ಕ ಮಾಡೋಣ, ಹೆದರಬೇಡಿ. ಶಾಕ್ ಇಲ್ಲದೆ ಬರೀ ಸ್ಪ್ರಿಂಗ್ ಮೇಲೆ ನಿಂತ ಒಂದು ಕಾರನ್ನ ಅದುಮಿ ಬಿಟ್ಟರೆ ಸೆಕೆಂಡಿಗೆ ಒಂದೂವರೆ ಬಾರಿ ಕುಣಿಯುತ್ತೆ ಅಂತಿಟ್ಟುಕೊಳ್ಳಿ. ರಸ್ತೆಯಲ್ಲಿ ಓಡಾಡುವ ಸ್ಪೋರ್ಟ್ಸ್ ಕಾರಿಗೆ ಇದು ಸಾಧಾರಣ ಸಂಖ್ಯೆ. ಅಂಥ ಸ್ಪ್ರಿಂಗು ಕಾರಿನ ಸ್ವಂತ ತೂಕಕ್ಕೇ 11 ಸೆಂಟಿಮೀಟರ್ ಕುಗ್ಗಿರುತ್ತೆ. ಈಗ ಒಂದು ಗುಂಡಿ ಬಂತು, ಚಕ್ರದ ಮೇಲಿನ ಭಾರ ಕ್ಷಣಕಾಲ ಎರಡರಷ್ಟಾಯ್ತು. ಸ್ಪ್ರಿಂಗ್ ಒಂದೇ ಅದನ್ನ ಹೊರಬೇಕಾದರೆ ಇನ್ನೂ 11 ಸೆಂಟಿಮೀಟರ್ ಕುಗ್ಗಬೇಕು. ನೆಲದಿಂದ ಒಂದು ಗೇಣೂ ಎತ್ತರ ಇಲ್ಲದ ಕಾರಿನಲ್ಲಿ ಆ ಜಾಗ ಎಲ್ಲಿಂದ ತರೋದು? ಶಾಕ್ ಒಂದಿಷ್ಟು ತಡೆಯುತ್ತೆ, ಮಿಕ್ಕಿದ್ದನ್ನ ಬಂಪ್ ಸ್ಟಾಪ್ ಹೊರಬೇಕು. ಅಂದರೆ ಅದು ಗೋಡೆಯಾಗಿದ್ದರೆ ಸಾಲದು, ಮೆಲ್ಲಗೆ ಗಟ್ಟಿಯಾಗುತ್ತಾ ಹೋಗುವ ಎರಡನೇ ಸ್ಪ್ರಿಂಗ್ ಆಗಿರಬೇಕು.

ಗಟ್ಟಿ ರಬ್ಬರಿಗೆ ಈ ಕೆಲಸ ಕಷ್ಟ. ರಬ್ಬರಿನ ಆಕಾರ ಬದಲಾಗುತ್ತೆ, ಗಾತ್ರ ಕಮ್ಮಿಯಾಗಲ್ಲ. ಮೇಲಿಂದ ಅದುಮಿದರೆ ಪಕ್ಕಕ್ಕೆ ಉಬ್ಬಬೇಕು. ಉಬ್ಬೋಕೆ ಜಾಗ ಇಲ್ಲದಿದ್ದರೆ ಕಲ್ಲೇ. ಕೋನ್ ಆಕಾರ ಮಾಡಿ, ಒಳಗೆ ಟೊಳ್ಳು ಮಾಡಿ ಒಂದಿಷ್ಟು ಸುಧಾರಿಸಬಹುದು. ಅಲೆಕ್ಸ್ ಮೌಲ್ಟನ್ ಅನ್ನೋ ಇಂಗ್ಲಿಷಿನವನು 1959ರ ಮಿನಿ ಕಾರಿಗೆ ಸ್ಪ್ರಿಂಗೇ ಬೇಡ ಅಂತ ರಬ್ಬರ್ ಕೋನನ್ನೇ ಸ್ಪ್ರಿಂಗ್ ಮಾಡಿಬಿಟ್ಟ! ಆದರೆ ಬಂಪ್ ಸ್ಟಾಪ್‌ನ ಹಣೆಬರಹ ಬದಲಾಯಿಸಿದ್ದು ಬೇರೆ ವಸ್ತು. 1937ರಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೋ ಬಾಯರ್ ಮತ್ತು ಜೊತೆಗಾರರು ಕಂಡುಹಿಡಿದ ಪಾಲಿಯುರೆಥೇನ್. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ತುಂಬಿ ನೊರೆಯಂತೆ ಅಚ್ಚು ಹಾಕಿದರೆ, ಅದುಮಿದಾಗ ಗುಳ್ಳೆಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಪಕ್ಕಕ್ಕೆ ಹೆಚ್ಚು ಉಬ್ಬದೆ ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತೆ. ಮೊದಲು ಬೆಣ್ಣೆ, ಕೊನೆಗೆ ಕಲ್ಲು, ನಡುವೆ ಎಲ್ಲಿಯೂ ಏಟಿಲ್ಲ. ಇಂದು ಹೆಚ್ಚಿನ ಕಾರುಗಳಲ್ಲಿ ಇರುವ, ಹಳದಿಯೋ ಕೆನೆಬಣ್ಣವೋ ಇರುವ, ಉಂಗುರ ಉಂಗುರ ಜೋಡಿಸಿದಂತೆ ಕಾಣುವ ತುಂಡು ಅದೇ.

ಈಗ ಹಿಂಭಾಗದ ವಿಷಯಕ್ಕೆ ಬರ್ತೀನಿ, ಯಾಕಂದರೆ ನನ್ನ ಗಿರಕಿಯ ಗುಟ್ಟು ಇರೋದು ಅಲ್ಲೇ.

ತಿರುವಿನಲ್ಲಿ ಕಾರು ಹೊರಗೆ ವಾಲುತ್ತೆ, ಒಳಚಕ್ರದ ಭಾರ ಹೊರಚಕ್ರಕ್ಕೆ ಹೋಗುತ್ತೆ. ಒಟ್ಟು ಎಷ್ಟು ಹೋಗುತ್ತೆ ಅನ್ನೋದು ಕಾರಿನ ತೂಕ, ಎತ್ತರ, ಅಗಲ, ತಿರುವಿನ ವೇಗದ ಮೇಲೆ ನಿಂತಿದೆ. ಆದರೆ ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು ಹಿಂದಿನ ಜೋಡಿಯ ಪಾಲೆಷ್ಟು ಅನ್ನೋದನ್ನ ತೀರ್ಮಾನಿಸೋದು ಯಾವ ಕಡೆಯ ಸಸ್ಪೆನ್ಷನ್ ಗಟ್ಟಿ ಅನ್ನೋದು. ಗಟ್ಟಿ ಇದ್ದ ಕಡೆಗೆ ಹೆಚ್ಚು ಪಾಲು. ಟೈರಿಗೆ ಒಂದು ಕೆಟ್ಟ ಗುಣ ಇದೆ: ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗಲ್ಲ, ಅದಕ್ಕಿಂತ ಕಮ್ಮಿಯೇ ಆಗುತ್ತೆ. ಹಾಗಾಗಿ ಒಂದೇ ಚಕ್ರದ ಮೇಲೆ ಭಾರ ಹೇರಿದಷ್ಟೂ ಆ ಜೋಡಿ ಸೋಲುತ್ತೆ. ತಿರುವಿನ ನಡುವೆ ಹಿಂದಿನ ಹೊರಚಕ್ರ ಬಂಪ್ ಸ್ಟಾಪ್‌ಗೆ ಬಡಿಯಿತು ಅಂದರೆ ಹಿಂದಿನ ಸಸ್ಪೆನ್ಷನ್ ಒಂದು ಕ್ಷಣದಲ್ಲಿ ಹಲವು ಪಟ್ಟು ಗಟ್ಟಿಯಾಯ್ತು ಅಂತಲೇ ಅರ್ಥ. ಭಾರವೆಲ್ಲ ಆ ಒಂದು ಟೈರಿಗೆ. ಹಿಡಿತ ತಪ್ಪುತ್ತೆ. ಮುಂದಿನ ಚಕ್ರ ಜಾರಿದರೆ ಕಾರು ನೆಟ್ಟಗೆ ಹೋಗುತ್ತೆ, ಕಾಲು ತೆಗೆದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತೆ. ಹಿಂದಿನದು ಜಾರಿದರೆ ಗಿರಕಿ. ಹೆದರಿ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಇನ್ನೂ ಜೋರು ಗಿರಕಿ. ನಾನು ತೆಗೆದಿದ್ದೆ.

ಹಿಂದಿನ ಸಸ್ಪೆನ್ಷನ್ನಿನ ಮಿತಿ ಮೀರಿ ಜನ ಕೆಟ್ಟಿದ್ದು ಇದೇ ಮೊದಲಲ್ಲ. ಸ್ವಿಂಗ್ ಆಕ್ಸಲ್ ಅನ್ನೋ ವಿನ್ಯಾಸದಲ್ಲಿ ಇದರ ಕನ್ನಡಿಬಿಂಬ ಕಾಣುತ್ತೆ. ಅಲ್ಲಿ ಅಪಾಯ ಚಕ್ರ ಮೇಲೆ ಹೋದಾಗ ಅಲ್ಲ, ತೀರಾ ಕೆಳಗೆ ಇಳಿದಾಗ. ಚಕ್ರ ಒಳಕ್ಕೆ ಮಡಚಿಕೊಂಡು ಕಾರಿನ ಹಿಂಭಾಗವನ್ನೇ ಮೇಲೆತ್ತಿಬಿಡುತ್ತೆ. ಉಲೆನ್‌ಹೌಟನಂಥ ಉಲೆನ್‌ಹೌಟನ ಮರ್ಸಿಡಿಸ್ 300 ಎಸ್‌ಎಲ್ ಕೂಡಾ 1954ರಲ್ಲಿ ಈ ಆಕ್ಸಲ್ ಇಟ್ಟುಕೊಂಡೇ ಬಂತು. 1957ರ ರೋಡ್‌ಸ್ಟರ್‌ನಲ್ಲಿ ತಿರುಗಣೆಯನ್ನ ಕೆಳಗೆ ತಂದು ಸುಧಾರಿಸಿದರು. 1962ರ ಟ್ರಯಂಫ್ ಸ್ಪಿಟ್‌ಫೈರ್‌ನಲ್ಲೂ ಅದೇ, 1970ರ ಮಾರ್ಕ್ 4 ಬರುವವರೆಗೆ ಸರಿಯಾದ ಮದ್ದು ಸಿಗಲಿಲ್ಲ. (ಸ್ಪಿಟ್‌ಫೈರ್‌ನ ಹಿಂದಿನ ಆಕ್ಸಲ್ ಟ್ರಯಂಫ್ ಹೆರಾಲ್ಡ್‌ನಿಂದ ಬಂದದ್ದು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನದ್ದೂ ಅದೇ ವಂಶ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಅದನ್ನ ಓಡಿಸಿದ್ದರೆ ಕೇಳಿ ನೋಡಿ.) ರಾಲ್ಫ್ ನೇಡರ್‌ನ 1965ರ ಪುಸ್ತಕದಲ್ಲಿ ಷೆವರ್ಲೆ ಕಾರ್ವೇರ್ ಅಷ್ಟು ಬೈಸಿಕೊಂಡಿದ್ದೂ ಈ ಆಕ್ಸಲ್ಲಿನ ದೆಸೆಯಿಂದಲೇ. 1972ರಲ್ಲಿ ಅಮೆರಿಕದ ಸರ್ಕಾರಿ ಪರೀಕ್ಷೆ, ಆ ಕಾರು ತನ್ನ ಕಾಲದ ಬೇರೆ ಕಾರುಗಳಿಗಿಂತ ಕೆಟ್ಟದೇನಲ್ಲ ಅಂದಿತು. ಅಷ್ಟರಲ್ಲಿ ಕಾರ್ವೇರ್ ಸತ್ತು ಮೂರು ವರ್ಷವಾಗಿತ್ತು.

ಮತ್ತೆ ಬಂಪ್ ಸ್ಟಾಪ್‌ಗೆ. ರೇಸಿನವರು ಇದನ್ನ ಮುಚ್ಚುಮರೆಯಿಲ್ಲದೆ ಸ್ಪ್ರಿಂಗ್ ಮಾಡಿಕೊಂಡ ಕಥೆ ನನಗಂತೂ ಬಲು ಮಜಾ ಅನಿಸಿತು. 1978ರಲ್ಲಿ ಲೋಟಸ್ 79 ಫಾರ್ಮುಲಾ ಒನ್‌ನಲ್ಲಿ ಗೆದ್ದಿದ್ದು ಕಾರಿನ ಹೊಟ್ಟೆಯ ಕೆಳಗಿನ ಗಾಳಿಯ ಎಳೆತದಿಂದ. ಕಾರು ನೆಲಕ್ಕೆ ಎಷ್ಟು ಹತ್ತಿರವೋ ಅಷ್ಟು ಎಳೆತ. 1981ರಲ್ಲಿ ನೆಲದಿಂದ 6 ಸೆಂಟಿಮೀಟರ್ ಜಾಗ ಇರಲೇಬೇಕು ಅಂತ ನಿಯಮ ತಂದರು. ಆದರೆ ಓಡುವ ಕಾರಿನ ಕೆಳಗೆ ಸ್ಕೇಲ್ ಹಿಡಿಯೋರ್ಯಾರು? ಅಳತೆ ನಿಂತಾಗ ಮಾತ್ರ. ಬ್ರಾಭಮ್ ತಂಡದ ಗಾರ್ಡನ್ ಮರ್ರೆ, ವೇಗ ಏರಿದಾಗ ಗಾಳಿಯ ಒತ್ತಡಕ್ಕೇ ಕುಸಿದು ಕೂತು, ನಿಧಾನವಾದಾಗ ಮೆಲ್ಲಗೆ ಎದ್ದು ನಿಲ್ಲುವ ಸಸ್ಪೆನ್ಷನ್ ಮಾಡಿದ. ಆ ವರ್ಷ ನೆಲ್ಸನ್ ಪಿಕೆ ಚಾಂಪಿಯನ್! ಆ ಕಾಲದ ಕಾರುಗಳ ಸಸ್ಪೆನ್ಷನ್ ಇದ್ದೂ ಇಲ್ಲದ ಹಾಗೆ ಗಟ್ಟಿಯಾಗಿ ಡ್ರೈವರ್‌ಗಳ ಬೆನ್ನು ಮುರೀತಿತ್ತು. 1983ಕ್ಕೆ ಸಪಾಟು ಹೊಟ್ಟೆ ಕಡ್ಡಾಯವಾಯ್ತು. ಆಮೇಲೂ ಕಾರು ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಹಿಡಿಯೋಕೆ ಬಂಪ್ ರಬ್ಬರ್, ಅದರ ಜೊತೆ ಶಾಕ್ ಕಡ್ಡಿಗೆ ಸಿಕ್ಕಿಸುವ ತೆಳು ಬಿಲ್ಲೆಗಳು ರೇಸ್ ಇಂಜಿನಿಯರುಗಳ ದಿನನಿತ್ಯದ ಸಾಮಾನಾದವು. ಒಂದು ಬಿಲ್ಲೆ ಹೆಚ್ಚು ಹಾಕಿದರೆ ಕಾರಿನ ಸ್ವಭಾವವೇ ಬೇರೆ. 2007ರಲ್ಲಿ ಅಮೆರಿಕದ ನಾಸ್ಕಾರ್‌ಗೆ ಹೊಸ ಕಾರು ಬಂದಾಗ ತಂಡಗಳು ಮೆದು ಸ್ಪ್ರಿಂಗ್ ಹಾಕಿ, ತಿರುವಿನಲ್ಲಿ ಮುಂಭಾಗವನ್ನು ಬಂಪ್ ಸ್ಟಾಪ್ ಮೇಲೆಯೇ ಕೂರಿಸಿ ಓಡಿಸುತ್ತಿದ್ದವು. ಕೊನೆಯ ಗೋಡೆ ಅಂತಿದ್ದದ್ದು ಅಷ್ಟರಲ್ಲಿ ನಡುಮನೆಯಾಗಿತ್ತು :-)

ನನ್ನ ಕಾರಿನ ವಂಶಾವಳಿಯೂ ಇದರ ಜೊತೆ ಕೂಡುತ್ತೆ. ಕಾಲಿನ್ ಚಾಪ್‌ಮನ್‌ನ 1962ರ ಲೋಟಸ್ ಎಲಾನ್ 700 ಕಿಲೋಗಿಂತ ಹಗುರದ ಕಾರು. ಉಲೆನ್‌ಹೌಟ್ ದಾರಿಯಲ್ಲೇ ಗಟ್ಟಿ ಬೆನ್ನೆಲುಬು, ಮೆದು ಸ್ಪ್ರಿಂಗ್. 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮಾಜ್ದಾ ಎಂಎಕ್ಸ್-5 ತೆರೆ ಸರಿಸಿದಾಗ ನೋಡಿದವರಿಗೆಲ್ಲ ಎಲಾನ್ ನೆನಪಾಯಿತಂತೆ. ಅದನ್ನ ಬೇಕು ಅಂತಲೇ ಹಾಗೆ ಮಾಡಿದ್ದರು. 2016ರ ಏಪ್ರಿಲ್‌ನಲ್ಲಿ ಹಿರೋಶಿಮಾದಲ್ಲಿ ಹತ್ತು ಲಕ್ಷದ ಕಾರು ಹೊರಬಿತ್ತು. ಆ ಹತ್ತು ಲಕ್ಷದಲ್ಲಿ ಎಷ್ಟನ್ನು ಜನ ತಗ್ಗಿಸಿ, ಬಂಪ್ ಸ್ಟಾಪ್ ಕತ್ತರಿಸಿದ್ದಾರೋ! ಮೆದು ಸ್ಪ್ರಿಂಗು, ಗಿಡ್ಡ ಶಾಕ್, ಹಿಂಭಾಗದಲ್ಲಿ ಮೊದಲೇ ಜಾಗ ಕಮ್ಮಿ. ಕಾರ್ಖಾನೆಯವರು ಅಲ್ಲಿ ಬಂಪ್ ಸ್ಟಾಪ್ ಇಟ್ಟಿದ್ದು ಅಪಘಾತಕ್ಕೆ ಅಂತಲ್ಲ, ದಿನದ ಕೆಲಸಕ್ಕೆ.

ಕತ್ತರಿಸಿದ ತುಂಡನ್ನ ಕೈಯಲ್ಲಿ ಹಿಡಿದು ನೋಡಿದಾಗ ಇನ್ನೊಂದು ತಪ್ಪು ಕಾಣಿಸಿತು. ಬಂಪ್ ಸ್ಟಾಪ್‌ನ ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ಸಣ್ಣ ತುದಿಯೇ ಮೆದು, ಮೊದಲು ಮುಟ್ಟೋದು ಅದೇ. ಕತ್ತರಿಸಿದವರು ಸಣ್ಣ ತುದಿಯನ್ನೇ ತೆಗೆದು ದಪ್ಪನೆಯ ಬುಡ ಉಳಿಸಿದ್ದರು. ಒಂದೇ ದಪ್ಪದ ತುಂಡನ್ನ ಅರ್ಧ ಮಾಡಿದರೂ ಉಳಿದದ್ದು ಎರಡರಷ್ಟು ಗಟ್ಟಿ. ಇಲ್ಲಿ ಬೆಣ್ಣೆ ಹೋಗಿ ಕಲ್ಲು ಮಾತ್ರ ಉಳಿದಿತ್ತು. ಕತ್ತರಿಸಲೇಬೇಕಿದ್ದರೆ ಬುಡದ ಕಡೆ ಕತ್ತರಿಸಬೇಕಿತ್ತು. ಸಮತಟ್ಟು ನೆಲದಲ್ಲಿ ಕಾರು ಸುಮ್ಮನೆ ನಿಂತಾಗ ಶಾಕ್‌ಗೂ ಆ ಬುಡಕ್ಕೂ ನಡುವೆ ಇದ್ದ ಜಾಗ ಬರೀ 8 ಮಿಲಿಮೀಟರ್. ಇಬ್ಬರು ಕೂತು ತಿರುವಿಗೆ ಬಿದ್ದರೆ ಅದು ಯಾವ ಲೆಕ್ಕ?

ಸರಿ ಮಾಡಿದ್ದು ಹೀಗೆ. ಗಿಡ್ಡ ಸ್ಪ್ರಿಂಗ್ ತೆಗೆದು ಸ್ವಲ್ಪ ಎತ್ತರದ್ದು ಹಾಕಿದೆ. ಕಾರಿನ ಅಂದ ಹೋಯ್ತು ಅಂತ ಪಕ್ಕದ ಮನೆ ಹುಡುಗ ಬೇಜಾರು ಮಾಡಿಕೊಂಡ. 1998ರಲ್ಲಿ ಬಂದ ಎರಡನೇ ತಲೆಮಾರಿನ ಎಂಎಕ್ಸ್-5ನ ಶಾಕ್‌ನ ಮೇಲಿನ ಮೌಂಟ್ ಹಳೇ ಕಾರಿಗೂ ಕೂರುತ್ತೆ, ಅದರಿಂದ ಚಕ್ರಕ್ಕೆ ಓಡಾಡೋಕೆ ಇನ್ನೊಂದಿಷ್ಟು ಜಾಗ ಸಿಗುತ್ತೆ. ಅದನ್ನ ಹಾಕಿದೆ. ನೊರೆ ಪಾಲಿಯುರೆಥೇನ್‌ನ ಹೊಸ ಬಂಪ್ ಸ್ಟಾಪ್, ಹಿಂದಕ್ಕೆ ಮೆದುವಾದದ್ದು. ಶಾಕ್ ಕಡ್ಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದೆ. ಶಾಕ್ ಕುಗ್ಗಿದಷ್ಟೂ ಅದನ್ನ ಕಡ್ಡಿಯ ಮೇಲೆ ತಳ್ಳಿ ಅಲ್ಲೇ ಬಿಡುತ್ತೆ, ಮನೆಗೆ ಬಂದು ಸ್ಕೇಲ್ ಹಿಡಿದು ನೋಡಿದರೆ ಎಲ್ಲಿವರೆಗೂ ಹೋಗಿತ್ತು ಅಂತ ಗೊತ್ತಾಗುತ್ತೆ. ಓಲೀಯ ತೂಕದ ಬಿಲ್ಲೆಗಳ ಮುಂದೆ ಇದು ಬಡವನ ಉಪಾಯ, ಆದರೆ ಸುಳ್ಳು ಹೇಳಲ್ಲ. ಮೊದಲ ವಾರ ನಾನೊಬ್ಬನೇ ಓಡಾಡಿದೆ. ಎರಡನೇ ವಾರ ಪಕ್ಕದ ಸೀಟಿನಲ್ಲಿ ಎರಡು ಅಕ್ಕಿ ಮೂಟೆ. ಈಗ ನಿಂತಾಗ 25 ಮಿಲಿಮೀಟರ್ ಜಾಗ ಇದೆ. ಅದೇ ರ‍್ಯಾಂಪಿನ ಅದೇ ಏಣಿನ ಮೇಲೆ, ಮೊದಲಿಗಿಂತ ನಿಧಾನವಾಗಿಯೇ ಹೋದೆ ಅನ್ನಿ, ಕೇಬಲ್ ಟೈ ಬಂಪ್ ಸ್ಟಾಪ್‌ನೊಳಗೆ ಅರ್ಧದಷ್ಟು ಮಾತ್ರ ಹೋಗಿತ್ತು. ಸದ್ದು 'ದಡ್' ಅಲ್ಲ, 'ಧುಪ್'.

ಹೆಂಡತಿಗೆ ಕೇಬಲ್ ಟೈ, ಸ್ಕೇಲು, ಕತ್ತರಿಸಿದ ಹಳೇ ತುಂಡು ಎಲ್ಲಾ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. "ಅಕ್ಕಿ ಮೂಟೆ ಏನೂ ಅನ್ನಲಿಲ್ವಾ?" ಅಂತ ಕೇಳಿದಳು. ಬರುವ ಶನಿವಾರ ತಿಂಡಿಗೆ ಹೋಗೋದು ಅಂತಾಗಿದೆ. ಹೋಗೋದು ಒಳರಸ್ತೆಯಲ್ಲಿ, ರ‍್ಯಾಂಪ್ ಇಲ್ಲದ ದಾರೀಲಿ.